ಓದುಗರ ಪ್ರಶ್ನೆ: ಲಿನಕ್ಸ್ ಅಪ್‌ಡೇಟ್ ಯಾವ ಮಿರರಿನಿಂದ?

ಉತ್ತರಿಸುವವರು: ಕಾಸರಗೋಡು ಜಿಲ್ಲೆಯ ಕಾಲೇಜೊಂದರಲ್ಲಿ ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳ ಮಿರರ್ (ಮೂಲ ಭಂಡಾರದ ತದ್ರೂಪು ಪ್ರತಿ) ನೋಡಿಕೊಳ್ಳುವ ಸಿಸ್ಟಂ ಅಡ್ಮಿನ್

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಅಪ್‌ಡೇಟ್ ಕೊಟ್ಟರೆ ಕೆಲವು ಸಲ 'ಹ್ಯಾಶ್ ಸಮ್ ಮಿಸ್‌ಮ್ಯಾಚ್' ಅಂತ ಬಂದು ನಿಲ್ಲುತ್ತದೆ. ಯಾವುದೋ ಕಾಲೇಜಿನವರು ಇಟ್ಟ ಮಿರರನ್ನು ನಂಬಬಹುದಾ? ಅದರಲ್ಲಿ ಅವರೇ ವೈರಸ್ ಸೇರಿಸಿದ್ದರೆ?
– ಪದವಿ ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ನನ್ನನ್ನು ನಂಬಬೇಡಿ ಮಾರಾಯ್ರೆ. ಮಿರರ್ ಇಟ್ಟವರನ್ನು ನಂಬುವ ಅಗತ್ಯವೇ ಬಾರದ ಹಾಗೆ ಇದನ್ನು ಕಟ್ಟಿದ್ದಾರೆ. ಪ್ರತಿ ಪ್ಯಾಕೇಜಿನ (ಸಾಫ್ಟ್‌ವೇರಿನ ಒಂದು ಕಟ್ಟು) ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ಒಂದು ಸೂಚಿಯಲ್ಲಿರುತ್ತದೆ. ಆ ಸೂಚಿಯ ಹ್ಯಾಶ್ 'ರಿಲೀಸ್' ಎಂಬ ಫೈಲಿನಲ್ಲಿರುತ್ತದೆ. ರಿಲೀಸ್ ಫೈಲಿಗೆ ಉಬುಂಟುವಿನವರ ಡಿಜಿಟಲ್ ಸಹಿ ಬಿದ್ದಿರುತ್ತದೆ. ಸಹಿ ಪರೀಕ್ಷಿಸುವ ಕೀ ಇನ್‌ಸ್ಟಾಲ್ ಮಾಡಿದ ದಿನವೇ ನಿಮ್ಮ ಲ್ಯಾಪ್‌ಟಾಪಿಗೆ ಬಂದಾಗಿದೆ. ನಾನು ಇಲ್ಲಿ ಕೂತು ಒಂದು ಪ್ಯಾಕೇಜಿನಲ್ಲಿ ಒಂದೇ ಒಂದು ಅಕ್ಷರ ಬದಲಿಸಿದರೂ ನಿಮ್ಮ ಆಪ್ಟ್ (ಅಪ್‌ಡೇಟ್ ಇಳಿಸಿ ಹಾಕುವ ಪ್ರೋಗ್ರಾಂ) ಅದನ್ನು ಒಪ್ಪುವುದಿಲ್ಲ. ಎಷ್ಟೋ ಮಿರರುಗಳು ಇವತ್ತಿಗೂ ಗೂಢಲಿಪಿಯ ರಕ್ಷಣೆ ಇಲ್ಲದ ಬರೀ ಎಚ್‌ಟಿಟಿಪಿಯಲ್ಲಿ ನಡೆಯುತ್ತಿರುವುದು ಈ ಧೈರ್ಯದಿಂದಲೇ.

ಕೆಟ್ಟ ಮಿರರ್ ಮಾಡಬಹುದಾದ ಕಿತಾಪತಿ ಬೇರೆ. ಹೊಸದನ್ನು ಕೊಡದೆ ಹಳೆಯದನ್ನೇ ಬಡಿಸುತ್ತಾ ಇರಬಹುದು. ಸಹಿ ಸರಿಯಾಗಿಯೇ ಇರುತ್ತದೆ, ಆದರೆ ಮುಚ್ಚಬೇಕಾದ ಭದ್ರತಾ ತೂತು ಮುಚ್ಚಿರುವುದಿಲ್ಲ. ಡೆಬಿಯನ್‌ನವರು ಭದ್ರತಾ ಅಪ್‌ಡೇಟಿನ ಸೂಚಿಗೆ ಅವಧಿ ಹಾಕುವುದು ಇದಕ್ಕೇ. ಅವಧಿ ಮೀರಿದರೆ ಆಪ್ಟ್ ಗಲಾಟೆ ಮಾಡುತ್ತದೆ.

ಜಾಗ್ರತೆ ಬೇಕಾದ್ದು ಮೊದಲ ಸಲ ಐಎಸ್ಒ (ಇನ್‌ಸ್ಟಾಲ್ ಮಾಡುವ ಡಿಸ್ಕಿನ ಫೈಲ್) ಇಳಿಸುವಾಗ. ಆಗ ನಿಮ್ಮ ಕೈಯಲ್ಲಿ ಕೀ ಇರುವುದಿಲ್ಲ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕಳ್ಳರು ನುಗ್ಗಿ, ಡೌನ್‌ಲೋಡ್ ಲಿಂಕನ್ನು ಹಿಂಬಾಗಿಲು ಇಟ್ಟ ಐಎಸ್ಒ ಕಡೆಗೆ ತಿರುಗಿಸಿದ್ದರು. ಐಎಸ್ಒ ಇಳಿಸಿದ ಮೇಲೆ ಎಸ್‌ಎಚ್‌ಎ256 ಹ್ಯಾಶ್ ಹೋಲಿಸಿ ನೋಡಿ. ಆ ಹ್ಯಾಶ್ ಪಟ್ಟಿಯ ಮೇಲಿನ ಸಹಿಯನ್ನೂ ಪರೀಕ್ಷಿಸಿ. ತಾಣವೇ ಕಳ್ಳರ ಕೈಯಲ್ಲಿದ್ದರೆ ಅಲ್ಲಿ ಬರೆದ ಹ್ಯಾಶನ್ನು ಬದಲಿಸುವುದು ಏನು ಕಷ್ಟ, ಅಲ್ವಾ?

ಇನ್ನು ನಿಮ್ಮ ಮಿಸ್‌ಮ್ಯಾಚ್. ಮಿರರ್ ಅರ್ಧ ಬದಲಾಗಿರುವಾಗ ರಿಲೀಸ್ ಫೈಲ್ ಒಂದು ಹೊತ್ತಿನದು, ಸೂಚಿ ಇನ್ನೊಂದು ಹೊತ್ತಿನದು ಸಿಕ್ಕಿದರೆ ಹ್ಯಾಶ್ ತಾಳೆಯಾಗುವುದಿಲ್ಲ. ಡೆಬಿಯನ್‌ನ ಉದಾಹರಣೆ ಹೇಳುತ್ತೇನೆ. ಅದರ ಮೂಲ ಭಂಡಾರ ದಿನಕ್ಕೆ ನಾಲ್ಕು ಸಲ ಬದಲಾಗುತ್ತದೆ. ನಾವು ಆರ್‌ಸಿಂಕ್ ಎಂಬ ನಕಲು ಮಾಡುವ ಪ್ರೋಗ್ರಾಂ ಹಾಕಿ ಅದನ್ನು ಎಳೆದುಕೊಳ್ಳುತ್ತೇವೆ. ಇಲ್ಲಿ ಕ್ರಮ ಮುಖ್ಯ. ಮೊದಲು ಹೊಸ ಪ್ಯಾಕೇಜುಗಳೆಲ್ಲ ಬರಬೇಕು, ಆಮೇಲೆ ಸೂಚಿ ಬರಬೇಕು, ಹಳೆಯ ಪ್ಯಾಕೇಜು ಅಳಿಸುವುದು ಕೊನೆಗೆ. ಸೂಚಿ ಮೊದಲೇ ಬಂದರೆ, ಹಿಟ್ಟು ಅರೆಯುವ ಮುಂಚೆಯೇ ಹೋಟೆಲಿನ ಬೋರ್ಡಿನಲ್ಲಿ ನೀರುದೋಸೆ ಅಂತ ಬರೆದ ಹಾಗೆ. ಜನ ಕೇಳುತ್ತಾರೆ, ಒಳಗೆ ಏನೂ ಇರುವುದಿಲ್ಲ.

ನಮ್ಮಲ್ಲಿ ಆಟಿಯ ಮಳೆಗೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಯುಪಿಎಸ್ ಸ್ವಲ್ಪ ಹೊತ್ತು ಎಳೆದು ಕೈಚೆಲ್ಲುತ್ತದೆ. ಆದರೂ ನಡುವೆ ಸರ್ವರ್ ಬಿದ್ದರೆ ನನಗೆ ಗಾಬರಿಯಿಲ್ಲ. ಸೂಚಿ ಹಳೆಯದೇ ಇರುತ್ತದೆ, ಅದು ಹೇಳುವ ಪ್ಯಾಕೇಜುಗಳೂ ಹಾಗೆಯೇ ಇರುತ್ತವೆ. ಬಳಸುವವರಿಗೆ ನಿನ್ನೆಯ ಮಿರರ್ ಸಿಗುತ್ತದೆ, ಮುರಿದ ಮಿರರ್ ಅಲ್ಲ. ಡೆಬಿಯನ್‌ನವರೇ ಕೊಡುವ ಎಫ್‌ಟಿಪಿಸಿಂಕ್ ಎಂಬ ಸ್ಕ್ರಿಪ್ಟ್ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಕೆಲವರಿಗೆ ಸ್ವಂತ ಸ್ಕ್ರಿಪ್ಟ್ ಬರೆಯುವ ಹುಮ್ಮಸ್ಸು. ಒಂದೇ ಏಟಿಗೆ ಎಲ್ಲ ಎಳೆಯುತ್ತಾರೆ. ಕರೆಂಟು ಹೋದಾಗ ಉಳಿದ ಲಾಕ್ ಫೈಲ್ ('ಸಿಂಕ್ ನಡೆಯುತ್ತಿದೆ' ಎಂಬ ಗುರುತು) ನೋಡಿ ಮರುದಿನದ ಸಿಂಕ್ ಸದ್ದಿಲ್ಲದೆ ನಿಂತುಬಿಡುತ್ತದೆ. ಮಿರರ್ ವಾರಗಟ್ಟಲೆ ಹಳಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಸತ್ತ ಮಿರರ್ ವಾಸಿ, ಜನ ಬೇರೆ ಕಡೆ ಹೋಗುತ್ತಾರೆ.

ನೀವು ಬಳಸುವ ಮಿರರ್ ತಾಜಾ ಇದೆಯೇ ಅಂತ ನೀವೇ ನೋಡಬಹುದು. ಡೆಬಿಯನ್ ಮಿರರಿನಲ್ಲಿ 'ಪ್ರಾಜೆಕ್ಟ್' ಫೋಲ್ಡರಿನ ಒಳಗೆ 'ಟ್ರೇಸ್' ಅಂತ ಇದೆ. ಅಲ್ಲಿನ ಫೈಲುಗಳಲ್ಲಿ ಕೊನೆಯ ಅಪ್‌ಡೇಟಿನ ಸಮಯ ಇರುತ್ತದೆ. ಅದು ಯುಟಿಸಿ ಸಮಯ, ಐದೂವರೆ ಗಂಟೆ ಸೇರಿಸಿಕೊಳ್ಳಿ. ಮಿಸ್‌ಮ್ಯಾಚ್ ಬಂದರೆ ಒಂದೆರಡು ಗಂಟೆ ಬಿಟ್ಟು ಮತ್ತೆ ಅಪ್‌ಡೇಟ್ ಕೊಡಿ. ದಿನವಿಡೀ ಅದೇ ಗೋಳಾದರೆ ಮಿರರ್ ಬದಲಿಸಿ. ಉಬುಂಟುವಿನ 'ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್' ಒಳಗೆ 'ಸೆಲೆಕ್ಟ್ ಬೆಸ್ಟ್ ಸರ್ವರ್' ಬಟನ್ ಇದೆ. ಹತ್ತಿರದ ಊರಿನದೇ ವೇಗ ಅಂದುಕೊಳ್ಳಬೇಡಿ. ಮಂಜೇಶ್ವರದಿಂದ ಮಂಗಳೂರು ಬಸ್ಸಿಗೆ ಹತ್ತಿರ. ಎರಡು ಕಡೆಯ ಇಂಟರ್ನೆಟ್ ಕಂಪನಿ ಬೇರೆ ಬೇರೆಯಾದರೆ ಡೇಟಾ ಯಾವುದೋ ದೂರದ ನಗರ ಸುತ್ತಿಕೊಂಡು ಬರಬಹುದು.

ಪ್ರಶ್ನೆ: ನಮ್ಮದು ಕನ್ನಡ ಮಾಧ್ಯಮ ಶಾಲೆ. ಲ್ಯಾಬಿನಲ್ಲಿ 15 ಕಂಪ್ಯೂಟರ್, ಎಲ್ಲದರಲ್ಲೂ ಕೈಟ್‌ನವರ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಉಬುಂಟು ಆಧಾರಿತ ಲಿನಕ್ಸ್. ಎಲ್ಲವನ್ನೂ ಅಪ್‌ಡೇಟ್ ಮಾಡುವಾಗ ನೆಟ್ ತೆವಳುತ್ತದೆ. ನಾವೇ ಒಂದು ಮಿರರ್ ಇಟ್ಟುಕೊಳ್ಳಬಹುದೇ?
– ಅಧ್ಯಾಪಕಿ, ಬದಿಯಡ್ಕ

ಉತ್ತರ: ಇಟ್ಟುಕೊಳ್ಳಬಹುದು ಟೀಚರ್, ಆದರೆ ಬೇಡ. ಪೂರ್ತಿ ಮಿರರ್ ಅಂದರೆ ಟಿಬಿಗಟ್ಟಲೆ ಡಿಸ್ಕ್. ನಿಮ್ಮ ಮಕ್ಕಳು ಯಾವತ್ತೂ ಮುಟ್ಟದ ಸಾವಿರಾರು ಪ್ಯಾಕೇಜುಗಳನ್ನು ದಿನಾ ಎಳೆಯುತ್ತಾ ಕೂತರೆ ಇರುವ ನೆಟ್ಟೂ ಹೋಯಿತು. ಏಪ್ರಿಲ್, ಅಕ್ಟೋಬರ್ ಬಂತೆಂದರೆ ಉಬುಂಟುವಿನ ಹೊಸ ಆವೃತ್ತಿ ಬರುತ್ತದೆ, ನಾನು ಡಿಸ್ಕಿನಲ್ಲಿ ಜಾಗ ಹುಡುಕುತ್ತಾ ಇರುತ್ತೇನೆ. ಆ ತಲೆನೋವು ನಿಮಗೆ ಎಂತಕ್ಕೆ?

ನಿಮಗೆ ಬೇಕಾದ್ದು ಕ್ಯಾಶ್, ಅಂದರೆ ಒಮ್ಮೆ ಇಳಿಸಿದ್ದನ್ನು ಹತ್ತಿರವೇ ಇಟ್ಟುಕೊಂಡು ಮತ್ತೆ ಕೊಡುವ ವ್ಯವಸ್ಥೆ. 'ಆಪ್ಟ್-ಕ್ಯಾಷರ್-ಎನ್‌ಜಿ' ಅಂತ ಒಂದು ಸಣ್ಣ ಪ್ಯಾಕೇಜ್ ಇದೆ. ಲ್ಯಾಬಿನ ಒಂದು ಕಂಪ್ಯೂಟರಿಗೆ ಹಾಕಿ. ಅದು 3142ನೇ ಪೋರ್ಟಿನಲ್ಲಿ ಕೂತಿರುತ್ತದೆ. ಉಳಿದ 14ರಲ್ಲಿ ಆಪ್ಟ್‌ಗೆ 'ಈ ಕಂಪ್ಯೂಟರಿನ ಮೂಲಕವೇ ಇಳಿಸು' ಎಂಬ ಪ್ರಾಕ್ಸಿಯ ಒಂದು ಸಾಲು ಬರೆದರಾಯಿತು. ಒಂದು ಕಂಪ್ಯೂಟರ್ ಇಳಿಸಿದ ಪ್ಯಾಕೇಜ್ ಉಳಿದವಕ್ಕೆ ಲ್ಯಾಬಿನೊಳಗಿನಿಂದಲೇ ಸಿಗುತ್ತದೆ. ಮೊದಲು ಒಂದನ್ನು ಪೂರ್ತಿ ಅಪ್‌ಡೇಟ್ ಮಾಡಿ, ಮತ್ತೆ ಉಳಿದವನ್ನು. ಎಲ್ಲದಕ್ಕೂ ಒಟ್ಟಿಗೇ ಕೊಡಬೇಡಿ. ಎಚ್‌ಟಿಟಿಪಿಎಸ್ ಮೂಲಗಳಿದ್ದರೆ ಇದು ಅವನ್ನು ಹಾಗೆಯೇ ಹಿಡಿದಿಡಲಾರದು, ಎಲ್ಲಿಂದ ಇಳಿಸಬೇಕು ಎಂದು ಬರೆದಿರುವ ಸೋರ್ಸಸ್ ಪಟ್ಟಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಕ್ಯಾಶ್ ಇಟ್ಟ ಕಂಪ್ಯೂಟರಿನ ಐಪಿ ವಿಳಾಸ ಬದಲಾಗದ ಹಾಗೆ ರೌಟರಿನಲ್ಲಿ ಕಟ್ಟಿಹಾಕಿ. ಇಲ್ಲದಿದ್ದರೆ ರಜೆ ಮುಗಿಸಿ ಬಂದಾಗ 14 ಕಂಪ್ಯೂಟರೂ ಒಟ್ಟಿಗೆ ಮುಷ್ಕರ ಹೂಡುತ್ತವೆ.

ಪ್ರಶ್ನೆ: ನಮ್ಮ ವಾಚನಾಲಯದ ಹಳೆ ಕಂಪ್ಯೂಟರಿನಲ್ಲಿ ಡೆಬಿಯನ್ 9 ಇದೆ. ಅಪ್‌ಡೇಟ್ ಕೊಟ್ಟರೆ '404' (ಫೈಲ್ ಸಿಗಲಿಲ್ಲ) ಮಾತ್ರ. ಮಿರರ್ ಕೆಟ್ಟಿದೆಯಾ?
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ಉತ್ತರ: ಮಿರರ್ ಸರಿ ಇದೆ ಮಾಸ್ಟ್ರೇ, ನಿಮ್ಮ ಡೆಬಿಯನ್‌ಗೆ ವಯಸ್ಸಾಗಿದೆ. ಅದು ಬಂದದ್ದು 2017ರಲ್ಲಿ. 2022ಕ್ಕೆ ದೀರ್ಘಾವಧಿಯ ಬೆಂಬಲವೂ ಮುಗಿಯಿತು. ಅಂಥದ್ದನ್ನು ಮಿರರುಗಳಿಂದ ತೆಗೆದು ಆರ್ಕೈವ್.ಡೆಬಿಯನ್.ಆರ್ಗ್‌ನಲ್ಲಿ ಇಡುತ್ತಾರೆ. ಸೋರ್ಸಸ್ ಪಟ್ಟಿಯಲ್ಲಿ ಆ ವಿಳಾಸ ಹಾಕಿದರೆ ಹಳೆಯ ಪ್ಯಾಕೇಜು ಸಿಗುತ್ತದೆ, ಹೊಸ ಭದ್ರತಾ ಅಪ್‌ಡೇಟ್ ಸಿಗುವುದಿಲ್ಲ. ಮಕ್ಕಳು ಅದರಲ್ಲಿ ಇಂಟರ್ನೆಟ್ ನೋಡುವುದಾದರೆ ಬೇಕಾದ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟು ಹೊಸ ಡೆಬಿಯನ್ ಹಾಕಿಬಿಡಿ. ಕಂಪ್ಯೂಟರ್ 32 ಬಿಟ್‌ನದ್ದೋ 64 ಬಿಟ್‌ನದ್ದೋ ಅಂತ ಮೊದಲು ನೋಡಿ. 32 ಆದರೆ ಡೆಬಿಯನ್ 12ಕ್ಕೇ ನಿಲ್ಲಿ. 13ರಲ್ಲಿ ಅದಕ್ಕೆ ಇನ್‌ಸ್ಟಾಲರ್ ಕೊಟ್ಟಿಲ್ಲ.