ಡೇಟಾಬೇಸ್ ಸರ್ವರ್ ಏಳದಿದ್ದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಡೇಟಾಬೇಸ್ ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಅಥವಾ ಮುಂದಿನ ಆವೃತ್ತಿಗೆ ಅಪ್‌ಗ್ರೇಡ್ ಮಾಡುವಾಗ ಎದುರಾದ ತೊಡಕುಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಹೆಚ್ಚಿನವರು ಪರದೆಯ ಮೇಲೆ ಕೊನೆಗೆ ಕಂಡ ಒಂದು ಸಾಲನ್ನಷ್ಟೇ ಬರೆದು ಕಳಿಸಿದ್ದಾರೆ. ಆ ಸಾಲು ಸರ್ವರ್ ನಿಂತಿತೆಂಬುದನ್ನು ಮಾತ್ರ ಹೇಳುತ್ತದೆ. ಏಕೆ ನಿಂತಿತೆಂಬುದು ಲಾಗ್ ಕಡತದಲ್ಲಿ, ಅದೂ ಹಲವು ಸಾಲುಗಳಷ್ಟು ಮೇಲೆ ಇರುತ್ತದೆ. ಮುಂದೆ ಪ್ರಶ್ನೆ ಕಳಿಸುವವರು ಆ ಭಾಗವನ್ನೂ ಸೇರಿಸಬೇಕೆಂದು ಕೋರುತ್ತೇವೆ.

ಪ್ರಶ್ನೆ: ನಮ್ಮ ಲೆಕ್ಕಪತ್ರದ ತಂತ್ರಾಂಶಕ್ಕೆ ಮೈಎಸ್‌ಕ್ಯುಎಲ್ 5.7 ಬಳಸುತ್ತಿದ್ದೆವು. 8.0ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಸರ್ವರ್ ಶುರುವಾಗುತ್ತಲೇ ಇಲ್ಲ. 5.7ನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಇದೇ ಡೇಟಾ ಡೈರೆಕ್ಟರಿಯನ್ನು ಅದಕ್ಕೆ ತೋರಿಸಿದರೆ ಸರಿಹೋದೀತೇ?
— ಕಚೇರಿಯೊಂದರ ಗಣಕ ವಿಭಾಗದ ಸಿಬ್ಬಂದಿ

ಉತ್ತರ: ದಯವಿಟ್ಟು ಅದೊಂದನ್ನು ಮಾಡಬೇಡಿ. 8.0 ಮೊದಲ ಸಲ ಏಳುವಾಗಲೇ 5.7ರ ಡೇಟಾ ಡೈರೆಕ್ಟರಿಯನ್ನು (ದತ್ತಾಂಶದ ಕಡತಗಳಿರುವ ಫೋಲ್ಡರನ್ನು) ತನ್ನ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ. ಪ್ರತಿಯೊಂದು ಟೇಬಲ್‌ಗೂ ಇದ್ದ ಎಫ್‌ಆರ್‌ಎಂ ಕಡತಗಳು ಇಲ್ಲವಾಗಿ, ಅವುಗಳಲ್ಲಿದ್ದ ವಿವರ ಇನ್ನೋಡಿಬಿ ಎಂಬ ಶೇಖರಣಾ ಎಂಜಿನ್ನಿನೊಳಗಿನ ಡೇಟಾ ಡಿಕ್ಷನರಿಗೆ ಸೇರುತ್ತದೆ. ಈ ಪರಿವರ್ತನೆ ಮುಗಿದ ಡೈರೆಕ್ಟರಿಯನ್ನು 5.7 ಓದಲಾರದು. 8.0ದಿಂದ 5.7ಕ್ಕೆ ಹಿಂದಿರುಗಲು ಅಪ್‌ಗ್ರೇಡಿಗೆ ಮೊದಲು ತೆಗೆದಿಟ್ಟ ಬ್ಯಾಕಪ್ಪಿನ ಹೊರತು ಬೇರೆ ದಾರಿಯಿಲ್ಲ. ಆದ್ದರಿಂದ ಸರ್ವರನ್ನು ನಿಲ್ಲಿಸಿರುವಾಗಲೇ ಈಗಿನ ಡೈರೆಕ್ಟರಿ ಯಾವ ಸ್ಥಿತಿಯಲ್ಲಿದೆಯೋ ಅದೇ ಸ್ಥಿತಿಯಲ್ಲಿ ಅದರ ಪೂರ್ಣ ನಕಲೊಂದನ್ನು ಬೇರೆಡೆ ಇರಿಸಿ, ಆಮೇಲೆ 8.0ದಲ್ಲೇ ಕಾರಣವನ್ನು ಹುಡುಕಿ.

ಎರರ್ ಲಾಗ್ ತೆರೆದರೆ ಕೊನೆಯಲ್ಲಿ ‘ಅಬಾರ್ಟಿಂಗ್’ ಎಂಬ ಸಾಲು ಸಿಗುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಿ, ಆ ಆರಂಭದ ಯತ್ನದಲ್ಲಿ ಮೊಟ್ಟಮೊದಲು ‘ಎರರ್’ ಎಂದು ದಾಖಲಾದ ಸಾಲನ್ನು ಓದಿ. 5.7ರಿಂದ ಬಂದವರಿಗೆ ಅಲ್ಲಿ ಹೆಚ್ಚಾಗಿ ಕಾಣುವುದು ‘ಅನ್‌ನೋನ್ ವೇರಿಯಬಲ್’ ಎಂಬ ದೂರು. ಹಿಂದಿನ ಕ್ವೆರಿಗಳ ಉತ್ತರವನ್ನು ನೆನಪಿಟ್ಟುಕೊಳ್ಳುವ ಕ್ವೆರಿ ಕ್ಯಾಷ್ ಎಂಬ ಸೌಲಭ್ಯವನ್ನು 8.0ದಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಗಿದೆ. ಹಳೆಯ ಕಾನ್ಫಿಗರೇಷನ್ ಕಡತದಲ್ಲಿ ಅದರ ಗಾತ್ರವನ್ನು ಸೂಚಿಸುವ ಒಂದೇ ಒಂದು ಸಾಲು ಉಳಿದಿದ್ದರೂ ಸರ್ವರ್ ಏಳಲು ನಿರಾಕರಿಸುತ್ತದೆ. ಎಸ್‌ಕ್ಯುಎಲ್ ಮೋಡ್ ಪಟ್ಟಿಯಲ್ಲಿ ‘ನೋ ಆಟೋ ಕ್ರಿಯೇಟ್ ಯೂಸರ್’ ಉಳಿದಿದ್ದರೂ ಇದೇ ಗತಿ, ಏಕೆಂದರೆ ಅದೂ 8.0ದಲ್ಲಿ ಇಲ್ಲ. ಅಂತಹ ಸಾಲುಗಳನ್ನು ತೆಗೆದು ಮತ್ತೆ ಆರಂಭಿಸಿದರೆ, ಬೇರೆ ತೊಡಕಿಲ್ಲದಿದ್ದಲ್ಲಿ, ಉಳಿದ ಪರಿವರ್ತನೆಯನ್ನು ಸರ್ವರ್ ತಾನೇ ಪೂರೈಸುತ್ತದೆ. 8.0.16ರಿಂದ ಈಚೆಗೆ ಮೈಎಸ್‌ಕ್ಯುಎಲ್ ಅಪ್‌ಗ್ರೇಡ್ ಎಂಬ ಪ್ರತ್ಯೇಕ ಆದೇಶವನ್ನು ಓಡಿಸುವ ಅಗತ್ಯವೂ ಇಲ್ಲ.

ಮೈಎಸ್‌ಕ್ಯುಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಪರೀಕ್ಷಕವೊಂದಿದೆ. ಹಳೆಯ ಸರ್ವರ್ ಓಡುತ್ತಿರುವಾಗಲೇ ಅದಕ್ಕೆ ಸಂಪರ್ಕಿಸಿ, ಕಾನ್ಫಿಗರೇಷನ್ ಕಡತ ಎಲ್ಲಿದೆಯೆಂದೂ ತಿಳಿಸಿದರೆ, ತೆಗೆದುಹಾಕಲಾದ ವೇರಿಯಬಲ್‌ಗಳು, 64 ಅಕ್ಷರಗಳನ್ನು ಮೀರಿದ ಫಾರಿನ್ ಕೀ ಹೆಸರುಗಳು, ಹೊಸದಾಗಿ ಕಾಯ್ದಿರಿಸಿದ ಪದಗಳ ಜೊತೆ ಘರ್ಷಿಸುವ ಹೆಸರುಗಳು ಮುಂತಾದವನ್ನು ಅದು ಮೊದಲೇ ತೋರಿಸಿಕೊಡುತ್ತದೆ. ಕೊನೆಯ ವಿಷಯವನ್ನು ಹಗುರವಾಗಿ ಕಾಣಬೇಡಿ. ‘ರ‍್ಯಾಂಕ್’, ‘ಗ್ರೂಪ್ಸ್’, ‘ಸಿಸ್ಟಮ್’ ಇವೆಲ್ಲ 8.0ದಲ್ಲಿ ಕಾಯ್ದಿರಿಸಿದ ಪದಗಳು. ಇಂತಹ ಹೆಸರಿನ ಕಾಲಂ ಇದ್ದರೂ ಸರ್ವರ್ ಏಳುತ್ತದೆ, ಆದರೆ ಆ ಹೆಸರನ್ನು ಬ್ಯಾಕ್‌ಟಿಕ್ ಚಿಹ್ನೆಯೊಳಗೆ ಇಡದ ನಿಮ್ಮ ತಂತ್ರಾಂಶದ ಕ್ವೆರಿಗಳು ಒಂದೊಂದಾಗಿ ಮುರಿಯತೊಡಗುತ್ತವೆ.

ಇನ್ನೊಂದು ಮಾತು. 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲಿ ಮುಗಿದಿದ್ದು, 8.0ಕ್ಕೆ 2026ರ ಏಪ್ರಿಲ್ ಗಡುವಾಗಿದೆ. ಹೀಗಾಗಿ 8.4ಕ್ಕೂ ಹೋಗಬೇಕಾಗುತ್ತದೆ, 5.7ರಿಂದ ನೇರವಾಗಿ 8.4ಕ್ಕೆ ಜಿಗಿಯಲು ಅವಕಾಶವಿಲ್ಲದ ಕಾರಣ ಈಗಿನ ಮೆಟ್ಟಿಲನ್ನು ಹತ್ತಲೇಬೇಕಿತ್ತು. 8.4ಕ್ಕೆ ಹೋಗುವಾಗ ಲಾಗಿನ್ ವಿಧಾನವನ್ನು ಗಮನಿಸಿ. ‘ಮೈಎಸ್‌ಕ್ಯುಎಲ್ ನೇಟಿವ್ ಪಾಸ್‌ವರ್ಡ್’ ಎಂಬ ಹಳೆಯ ವಿಧಾನ ಅಲ್ಲಿ ಸ್ವಯಂ ಚಾಲೂ ಆಗಿರುವುದಿಲ್ಲ, 9.0ರಲ್ಲಂತೂ ಅದು ಇಲ್ಲವೇ ಇಲ್ಲ. ನಿಮ್ಮ ಬಳಕೆದಾರ ಖಾತೆಗಳನ್ನೂ ತಂತ್ರಾಂಶದ ಡ್ರೈವರನ್ನೂ 8.0ದಲ್ಲಿರುವಾಗಲೇ ‘ಕ್ಯಾಷಿಂಗ್ ಶಾ2’ ವಿಧಾನಕ್ಕೆ ಬದಲಾಯಿಸಿ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಮೈಎಸ್‌ಕ್ಯುಎಲ್ ಹೊಸದಾಗಿ ಹಾಕಿದೆ. ನಾನು ಪಾಸ್‌ವರ್ಡನ್ನೇ ಕೊಟ್ಟಿಲ್ಲ, ಆದರೂ ರೂಟ್ ಆಗಿ ಒಳಹೋಗಲು ಬಿಡುತ್ತಿಲ್ಲ.
— ವಿದ್ಯಾರ್ಥಿನಿ

ಉತ್ತರ: ರೆಡ್‌ಹ್ಯಾಟ್ ಬಳಗದ ವ್ಯವಸ್ಥೆಗಳಲ್ಲಿ ಮೈಎಸ್‌ಕ್ಯುಎಲ್‌ನ ಅಧಿಕೃತ ಪ್ಯಾಕೇಜ್ ಮೊದಲ ಆರಂಭದಲ್ಲೇ ತಾತ್ಕಾಲಿಕ ಪಾಸ್‌ವರ್ಡೊಂದನ್ನು ಸೃಷ್ಟಿಸಿ ಸರ್ವರಿನ ಲಾಗ್ ಕಡತದಲ್ಲಿ ಬರೆದಿರುತ್ತದೆ, ಅದರಿಂದ ಒಳಹೋಗಿ ತಕ್ಷಣ ಬದಲಾಯಿಸಬೇಕು. ಉಬುಂಟುವಿನ ಪ್ಯಾಕೇಜ್‌ನಲ್ಲಿ ರೂಟ್ ಖಾತೆಗೆ ಪಾಸ್‌ವರ್ಡ್ ಇರುವುದಿಲ್ಲ, ಲಿನಕ್ಸ್‌ನ ಬಳಕೆದಾರ ಯಾರೆಂಬುದನ್ನು ನೋಡಿಯೇ ಅದು ಒಳಬಿಡುತ್ತದೆ. ಆದ್ದರಿಂದ ಆದೇಶದ ಮುಂದೆ ‘ಸುಡೊ’ ಸೇರಿಸಿದರೆ ಸಾಕು. ನಿಮ್ಮ ಸ್ವಂತ ಕಾರ್ಯಕ್ರಮಗಳಿಗೆ ರೂಟ್ ಬಳಸದೆ, ಬೇರೊಂದು ಖಾತೆಯನ್ನು ತೆರೆದುಕೊಳ್ಳಿ.

ಪ್ರಶ್ನೆ: ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ನಲ್ಲಿ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಇನ್‌ಸ್ಟಾಲ್ ಮಾಡುವಾಗ ಕೊನೆಯ ಹಂತದಲ್ಲಿ ‘ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್’ಗಾಗಿ ಕಾದು ವಿಫಲವಾಯಿತೆಂಬ ಸಂದೇಶ ಬರುತ್ತದೆ. ತೆಗೆದು ಮತ್ತೆ ಹಾಕಿದರೂ ಅದೇ. ಇನ್‌ಸ್ಟಾಲರ್ ಕಡತವೇ ಕೆಟ್ಟಿದೆಯೇ?
— ತಂತ್ರಾಂಶ ತರಬೇತಿಯಲ್ಲಿರುವವರು

ಉತ್ತರ: ಕಡತ ಕೆಟ್ಟಿರುವ ಸಂಭವ ಕಡಿಮೆ. ಕಡತಗಳೆಲ್ಲ ಸರಿಯಾಗಿ ಕೂತ ಮೇಲೆ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಲು ನೋಡಿ, ಅದು ಏಳದಿದ್ದಾಗ ಇನ್‌ಸ್ಟಾಲರ್ ಕೊಡುವ ಸಂದೇಶವಿದು. ಇನ್‌ಸ್ಟಾಲರಿನ ಸ್ವಂತ ವರದಿ ‘ಸೆಟಪ್ ಬೂಟ್‌ಸ್ಟ್ರ್ಯಾಪ್’ ಫೋಲ್ಡರಿನೊಳಗಿನ ‘ಲಾಗ್’ ಫೋಲ್ಡರಿನಲ್ಲಿ ‘ಸಮರಿ’ ಎಂಬ ಹೆಸರಿನಲ್ಲಿರುತ್ತದೆ. ಎಂಜಿನ್ ಏಕೆ ಏಳಲಿಲ್ಲವೆಂಬುದು ಇನ್‌ಸ್ಟೆನ್ಸಿನ ‘ಎರರ್‌ಲಾಗ್’ ಕಡತದಲ್ಲಿರುತ್ತದೆ. ಎರಡನ್ನೂ ನೋಡಿ.

ಹೊಸ ಲ್ಯಾಪ್‌ಟಾಪ್ ಎಂದಿರುವುದರಿಂದ ಮೊದಲ ಅನುಮಾನ ಡಿಸ್ಕಿನ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ತುಣುಕು) ಗಾತ್ರದ ಮೇಲೆ ಹೋಗುತ್ತದೆ. ಎಸ್‌ಕ್ಯುಎಲ್ ಸರ್ವರ್ 512 ಬೈಟ್ ಮತ್ತು 4096 ಬೈಟ್ ಸೆಕ್ಟರುಗಳನ್ನು ಮಾತ್ರ ಒಪ್ಪುತ್ತದೆ. ಕೆಲವು ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಡಿಸ್ಕುಗಳ ಸೆಕ್ಟರ್ ಗಾತ್ರ ಇದಕ್ಕಿಂತ ಹೆಚ್ಚಿದ್ದು, ವಿಂಡೋಸ್ 11 ಆ ದೊಡ್ಡ ಗಾತ್ರವನ್ನೇ ಮೇಲಿನ ತಂತ್ರಾಂಶಗಳಿಗೆ ತಿಳಿಸುತ್ತದೆ. ಆಡಳಿತಗಾರರ ಅಧಿಕಾರದೊಂದಿಗೆ ಕಮಾಂಡ್ ಪ್ರಾಂಪ್ಟ್ ತೆರೆದು, ‘ಎಫ್‌ಎಸ್‌ಯುಟಿಲ್’ ಆದೇಶದಿಂದ ಆ ಡ್ರೈವಿನ ಸೆಕ್ಟರ್ ಮಾಹಿತಿ ಪಡೆಯಿರಿ. ಭೌತಿಕ ಸೆಕ್ಟರ್ ಸಾಲುಗಳಲ್ಲಿ 4096ಕ್ಕಿಂತ ದೊಡ್ಡ ಸಂಖ್ಯೆಯಿದ್ದರೆ ಕಾರಣ ಸಿಕ್ಕಂತೆಯೇ. 4096 ತೋರಿಸುವ ಬೇರೊಂದು ಡಿಸ್ಕ್ ಇದ್ದಲ್ಲಿ ಅಲ್ಲಿಗೆ ಇನ್‌ಸ್ಟಾಲ್ ಮಾಡುವುದು ಸುಲಭದ ದಾರಿ. ಇಲ್ಲವಾದರೆ, 4 ಕಿಲೋಬೈಟ್ ಸೆಕ್ಟರನ್ನೇ ಸೂಚಿಸುವಂತೆ ಎನ್‌ವಿಎಂಇ ಡ್ರೈವರಿಗೆ ಹೇಳುವ ರಿಜಿಸ್ಟ್ರಿ ಮೌಲ್ಯವೊಂದನ್ನು ಮೈಕ್ರೋಸಾಫ್ಟ್ ತನ್ನ ಸಹಾಯ ಪುಟದಲ್ಲಿ ಕೊಟ್ಟಿದೆ. ಅದನ್ನು ಸೇರಿಸಿ, ಕಂಪ್ಯೂಟರನ್ನು ಮರುಪ್ರಾರಂಭಿಸಿ, ವಿಫಲವಾದ ಇನ್‌ಸ್ಟೆನ್ಸನ್ನು ಪೂರ್ಣವಾಗಿ ತೆಗೆದು, ಆಮೇಲೆ ಹೊಸದಾಗಿ ಹಾಕಬೇಕು. ಈ ಕ್ರಮ ತಪ್ಪಿದರೆ ಹಳೆಯ ಅರೆಬರೆ ಕಡತಗಳೇ ಮತ್ತೆ ಅಡ್ಡ ಬರುತ್ತವೆ.

ಪ್ರಶ್ನೆ: ಡಾಕರ್‌ನಲ್ಲಿ ಪೋಸ್ಟ್‌ಗ್ರೆಸ್ 13 ಓಡುತ್ತಿತ್ತು. ಕಂಪೋಸ್ ಕಡತದಲ್ಲಿ 13 ಎಂದಿದ್ದುದನ್ನು 17 ಎಂದು ಬದಲಿಸಿದೆ. ಅಂದಿನಿಂದ ಕಂಟೇನರ್ ಪದೇ ಪದೇ ಬಿದ್ದು ಏಳುತ್ತಿದೆ. ಡೇಟಾ ಡೈರೆಕ್ಟರಿಯಲ್ಲಿರುವ ಆವೃತ್ತಿಯ ಕಡತವನ್ನು ತೆರೆದು 13ರ ಬದಲು 17 ಎಂದು ಬರೆದರೆ ಆಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ.
— ವೆಬ್ ಡೆವಲಪರ್

ಉತ್ತರ: ಸಹೋದ್ಯೋಗಿಯ ಸಲಹೆ ಅಪಾಯಕಾರಿ, ಅದನ್ನು ಪಾಲಿಸಬೇಡಿ. ಆ ಕಡತ ಒಳಗಿನ ದತ್ತಾಂಶದ ರೂಪ ಯಾವುದೆಂಬುದನ್ನು ಹೇಳುವ ಗುರುತು ಮಾತ್ರ. ಗುರುತನ್ನು ಬದಲಿಸಿದರೆ ರೂಪ ಬದಲಾಗುವುದಿಲ್ಲ, ಇದ್ದ ಒಂದು ಕಾವಲು ಹೋಗುತ್ತದೆ.

ಮೈಎಸ್‌ಕ್ಯುಎಲ್ ಹಳೆಯ ಡೈರೆಕ್ಟರಿಯನ್ನು ಕಂಡೊಡನೆ ತಾನೇ ಪರಿವರ್ತಿಸಿಕೊಂಡರೆ, ಪೋಸ್ಟ್‌ಗ್ರೆಸ್ ಇದಕ್ಕೆ ವಿರುದ್ಧವಾಗಿ, ‘ಈ ಡೈರೆಕ್ಟರಿ 13ರಿಂದ ಆರಂಭವಾದದ್ದು, ನನಗೆ ಹೊಂದುವುದಿಲ್ಲ’ ಎಂದು ಹೇಳಿ, ಏನನ್ನೂ ಮುಟ್ಟದೆ ಹಿಂದೆ ಸರಿಯುತ್ತದೆ. ಈ ಸಂಯಮದಿಂದಾಗಿ ನಿಮ್ಮ ದತ್ತಾಂಶ ಸುರಕ್ಷಿತವಾಗಿದೆ. ಕಂಪೋಸ್ ಕಡತದಲ್ಲಿ ಮತ್ತೆ 13 ಎಂದು ಬರೆಯಿರಿ, ಸರ್ವರ್ ಎಂದಿನಂತೆ ಏಳುತ್ತದೆ. ಆಮೇಲೆ 17ರಲ್ಲಿರುವ ‘ಪಿಜಿ ಡಂಪ್‌ಆಲ್’ ಉಪಕರಣದಿಂದಲೇ 13ರ ಸರ್ವರಿಗೆ ಸಂಪರ್ಕಿಸಿ ಡಂಪ್ (ಇಡೀ ದತ್ತಾಂಶವನ್ನು ಆದೇಶಗಳ ರೂಪದಲ್ಲಿ ಬರೆದಿಟ್ಟ ಕಡತ) ತೆಗೆಯಿರಿ, ಏಕೆಂದರೆ ಹೊಸ ಉಪಕರಣಕ್ಕೆ ಹಳೆಯ ಸರ್ವರ್ ಅರ್ಥವಾಗುತ್ತದೆ, ಹಳೆಯ ಉಪಕರಣ ಹೊಸ ಸರ್ವರಿಗೆ ಸಂಪರ್ಕಿಸಲು ಒಪ್ಪುವುದಿಲ್ಲ. 17ರ ಕಂಟೇನರಿಗೆ ಹೊಸದೊಂದು ಖಾಲಿ ವಾಲ್ಯೂಮ್ (ಕಂಟೇನರಿನ ದತ್ತಾಂಶ ಉಳಿಯುವ ಜಾಗ) ಕೊಟ್ಟು, ಡಂಪನ್ನು ಅದರಲ್ಲಿ ತುಂಬಿರಿ. ಹಳೆಯ ವಾಲ್ಯೂಮನ್ನು ಕೆಲವು ವಾರ ಹಾಗೆಯೇ ಇರಲು ಬಿಡಿ.

ಡಂಪ್ ತುಂಬಲು ಬಹಳ ಹೊತ್ತು ಹಿಡಿಯುವಷ್ಟು ದೊಡ್ಡ ಡೇಟಾಬೇಸ್ ಆಗಿದ್ದರೆ ‘ಪಿಜಿ ಅಪ್‌ಗ್ರೇಡ್’ ಇದೆ. ಮೊದಲು ಅದನ್ನು ‘ಚೆಕ್’ ಆಯ್ಕೆಯೊಂದಿಗೆ ಓಡಿಸಿ, ದೂರುಗಳೇನೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ‘ಲಿಂಕ್’ ಆಯ್ಕೆ ಬಹಳ ವೇಗವಾದದ್ದು, ಆದರೆ ಅದರಲ್ಲಿ ಹಳೆಯ ಮತ್ತು ಹೊಸ ಸರ್ವರ್‌ಗಳು ಅವೇ ಕಡತಗಳನ್ನು ಹಂಚಿಕೊಳ್ಳುವುದರಿಂದ, ಹೊಸದು ಒಮ್ಮೆ ಎದ್ದ ಮೇಲೆ ಹಳೆಯದನ್ನು ಸುರಕ್ಷಿತವಾಗಿ ಬಳಸಲಾಗದು. ಬ್ಯಾಕಪ್ ಇಲ್ಲದೆ ಆ ಆಯ್ಕೆಯನ್ನು ಬಳಸುವುದು ನನ್ನ ದೃಷ್ಟಿಯಲ್ಲಿ ಎಂದಿಗೂ ಸಲ್ಲದು.

ಹೊಸ ಸರ್ವರಿನಲ್ಲಿ ನಿಮಗೆ ಎದುರಾಗಬಹುದಾದ ಎರಡು ತೊಡಕುಗಳನ್ನು ಈಗಲೇ ಹೇಳುತ್ತೇನೆ. ಒಂದು ಲಾಗಿನ್. 14ನೇ ಆವೃತ್ತಿಯಿಂದ ಪಾಸ್‌ವರ್ಡ್‌ಗಳನ್ನು ‘ಸ್ಕ್ರ್ಯಾಮ್’ ವಿಧಾನದಲ್ಲಿ ಇಡುವುದು ವಾಡಿಕೆ. ನಿಮ್ಮ 13ರಿಂದ ಡಂಪ್‌ನೊಂದಿಗೆ ಬಂದ ಪಾಸ್‌ವರ್ಡ್‌ಗಳು ‘ಎಂಡಿ5’ ರೂಪದಲ್ಲಿದ್ದರೆ, ಸ್ಕ್ರ್ಯಾಮ್ ಮಾತ್ರ ಒಪ್ಪುವ ಹೊಸ ಸರ್ವರ್ ಸರಿಯಾದ ಪಾಸ್‌ವರ್ಡನ್ನೂ ತಪ್ಪೆಂದು ತಿರಸ್ಕರಿಸುತ್ತದೆ. ಪ್ರತಿ ಖಾತೆಗೂ ಪಾಸ್‌ವರ್ಡನ್ನು ಮತ್ತೊಮ್ಮೆ ನಿಗದಿಪಡಿಸಿದರೆ ಸರಿಹೋಗುತ್ತದೆ. ಇನ್ನೊಂದು ವೇಗ. ಕ್ವೆರಿಗಳ ಯೋಜನೆಗೆ ಬೇಕಾದ ಅಂಕಿಅಂಶಗಳು ಈ ದಾರಿಯಲ್ಲಿ ಹೊಸ ಸರ್ವರಿಗೆ ಬರುವುದಿಲ್ಲ. ಅವುಗಳನ್ನು ಹೊಸದಾಗಿ ಸಂಗ್ರಹಿಸುವ ‘ಅನಲೈಸ್’ ಓಡಿಸುವ ಮುನ್ನವೇ ಬಳಕೆದಾರರನ್ನು ಒಳಬಿಟ್ಟರೆ, ಅಪ್‌ಗ್ರೇಡಿನಿಂದ ಎಲ್ಲವೂ ನಿಧಾನವಾಯಿತೆಂಬ ದೂರು ಖಂಡಿತ ಬರುತ್ತದೆ.

ಪ್ರಶ್ನೆ: ಜಾಗ ಸಾಲದೆ ಮೈಎಸ್‌ಕ್ಯುಎಲ್ ಡೇಟಾ ಡೈರೆಕ್ಟರಿಯನ್ನು ಬೇರೆ ಡಿಸ್ಕಿಗೆ ಸಾಗಿಸಿದೆ. ಕಡತಗಳ ಮಾಲೀಕತ್ವ, ಅನುಮತಿ ಎಲ್ಲವೂ ಸರಿಯಿದ್ದರೂ ‘ಪರ್ಮಿಷನ್ ಡಿನೈಡ್’ ಬರುತ್ತಿದೆ.
— ಸಿಸ್ಟಮ್ ಅಡ್ಮಿನ್

ಉತ್ತರ: ಲಿನಕ್ಸ್‌ನಲ್ಲಿ ಸಾಮಾನ್ಯ ಅನುಮತಿಗಳ ಮೇಲೆ ಇನ್ನೊಂದು ಪದರವಿದೆ: ರೆಡ್‌ಹ್ಯಾಟ್ ಬಳಗದಲ್ಲಿ ಎಸ್‌ಇಲಿನಕ್ಸ್, ಉಬುಂಟುವಿನಲ್ಲಿ ಆಪ್‌ಆರ್ಮರ್. ಮೈಎಸ್‌ಕ್ಯುಎಲ್ ಯಾವ ಡೈರೆಕ್ಟರಿಗಳನ್ನು ಮುಟ್ಟಬಹುದೆಂಬುದು ಅಲ್ಲಿ ಬೇರೆಯಾಗಿ ನಿಗದಿಯಾಗಿರುತ್ತದೆ. ಎಸ್‌ಇಲಿನಕ್ಸ್ ಆದರೆ ಹೊಸ ಜಾಗಕ್ಕೆ ಮೈಎಸ್‌ಕ್ಯುಎಲ್ ದತ್ತಾಂಶದ ಗುರುತುಚೀಟಿಯನ್ನು ‘ಸೆಮ್ಯಾನೇಜ್’ ಮೂಲಕ ನಿಗದಿಪಡಿಸಿ, ‘ರಿಸ್ಟೋರ್‌ಕಾನ್’ ಓಡಿಸಬೇಕು. ಆಪ್‌ಆರ್ಮರ್ ಆದರೆ ಮೈಎಸ್‌ಕ್ಯುಎಲ್‌ನ ಪ್ರೊಫೈಲ್‌ಗೆ ಹೊಸ ಜಾಗವನ್ನು ಸೇರಿಸಿ ಮರುಲೋಡ್ ಮಾಡಬೇಕು. ಈ ಪದರವನ್ನೇ ಪೂರ್ತಿ ಆರಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದರಿಂದ ಸರ್ವರ್ ಏಳುವುದೂ ನಿಜ. ಆದರೆ ಒಂದು ಡೈರೆಕ್ಟರಿಯ ಸಲುವಾಗಿ ಇಡೀ ಯಂತ್ರದ ರಕ್ಷಣೆಯನ್ನು ಬಿಟ್ಟುಕೊಡುವುದನ್ನು ನಾನು ಒಪ್ಪಲಾರೆ.

ಪ್ರಶ್ನೆ: ಪೋಸ್ಟ್‌ಗ್ರೆಸ್ ಆವೃತ್ತಿಯನ್ನು ನಾವು ಬದಲಿಸಿಲ್ಲ. ಡೇಟಾ ಡೈರೆಕ್ಟರಿಯನ್ನು ಹಾಗೆಯೇ ಹೊಸ ಲಿನಕ್ಸ್ ಯಂತ್ರಕ್ಕೆ ನಕಲಿಸಿದೆವು. ದೋಷ ಸಂದೇಶವೇನೂ ಬರಲಿಲ್ಲ. ಆದರೆ ಈಗ, ಇರುವ ಗ್ರಾಹಕರನ್ನೇ ಹುಡುಕಿದರೆ ಸಿಗುವುದಿಲ್ಲ, ಒಂದೇ ಸಂಕೇತ ಎರಡು ಸಲ ದಾಖಲಾಗಿದೆ. ಆ ಕಾಲಂಗೆ ಯೂನಿಕ್ ನಿರ್ಬಂಧವಿದೆ!
— ಡೇಟಾಬೇಸ್ ನಿರ್ವಾಹಕರು

ಉತ್ತರ: ದೋಷ ಸಂದೇಶವೇ ಇಲ್ಲದ ದೋಷವಾದ್ದರಿಂದ ಇದು ಈ ಸಂಚಿಕೆಯ ಪ್ರಶ್ನೆಗಳಲ್ಲೆಲ್ಲ ಹೆಚ್ಚು ಕಳವಳಕಾರಿ. ಪೋಸ್ಟ್‌ಗ್ರೆಸ್ ಪಠ್ಯವನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದನ್ನು ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಗ್ರಂಥಾಲಯವನ್ನು ಕೇಳಿ ತಿಳಿಯುತ್ತದೆ. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಈ ಜೋಡಣೆಯ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಬದಲಾದವು. ಉದಾಹರಣೆಗೆ, ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ಹಿಂದೆ ‘11’ ಮೊದಲು, ‘1-1’ ನಂತರ ಬರುತ್ತಿತ್ತು. ಈಗ ‘1-1’ ಮೊದಲು ಬರುತ್ತದೆ. ಡೆಬಿಯನ್ 10 ಮತ್ತು ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಇರುವುದು ಈ ಹೊಸ ನಿಯಮ. ಹಳೆಯ ಯಂತ್ರದಲ್ಲಿ ಕಟ್ಟಿದ ಇಂಡೆಕ್ಸ್ (ಹುಡುಕಾಟಕ್ಕಾಗಿ ಕ್ರಮವಾಗಿ ಜೋಡಿಸಿಟ್ಟ ಪಟ್ಟಿ), ಶಬ್ದಕೋಶದ ಪುಟಗಳು ಹಳೆಯ ಅಕಾರಾದಿಯಲ್ಲಿರುವಾಗ ಓದುಗ ಹೊಸ ಅಕಾರಾದಿಯಲ್ಲಿ ಹುಡುಕಿದಂತೆ ಆಗಿದೆ: ಪದ ಪುಸ್ತಕದಲ್ಲಿದೆ, ಆದರೆ ಇರಬೇಕೆಂದು ನಂಬಿದ ಪುಟದಲ್ಲಿಲ್ಲ. ಸಂಕೇತ ಈಗಾಗಲೇ ಇದೆಯೇ ಎಂದು ನೋಡಲು ಯೂನಿಕ್ ನಿರ್ಬಂಧವೂ ಅದೇ ಇಂಡೆಕ್ಸನ್ನು ನೆಚ್ಚಿಕೊಂಡಿರುವುದರಿಂದ, ಇದ್ದುದು ಕಾಣದೆ ಎರಡನೆಯದಕ್ಕೂ ಒಪ್ಪಿಗೆ ಸಿಕ್ಕಿದೆ.

ಹಳೆಯ ಯಂತ್ರ ಇನ್ನೂ ಇದ್ದು, ಹೊಸದರಲ್ಲಿ ಬರೆದದ್ದು ಅಲ್ಪವಾಗಿದ್ದರೆ, ಹಳೆಯದಕ್ಕೆ ಮರಳಿ, ಡಂಪ್ ತೆಗೆದು ಹೊಸದರಲ್ಲಿ ತುಂಬುವುದೇ ಲೇಸು. ಡಂಪ್ ತುಂಬುವಾಗ ಇಂಡೆಕ್ಸ್‌ಗಳು ಹೊಸ ನಿಯಮದಂತೆ ಹೊಸದಾಗಿ ಕಟ್ಟಲ್ಪಡುತ್ತವೆ. ಹಾಗಾಗದಿದ್ದರೆ ಬಳಕೆದಾರರ ಬರಹವನ್ನು ನಿಲ್ಲಿಸಿ, ‘ಎಎಂಚೆಕ್’ ವಿಸ್ತರಣೆಯಿಂದ ಯಾವ ಇಂಡೆಕ್ಸ್‌ಗಳು ಕೆಟ್ಟಿವೆಯೆಂದು ಪತ್ತೆಹಚ್ಚಿ. ಪೂರ್ಣಾಂಕ, ದಿನಾಂಕಗಳ ಇಂಡೆಕ್ಸ್‌ಗಳಿಗಾಗಲಿ ‘ಸಿ’ ಕೊಲೇಷನ್ನಿನ (ಬೈಟ್ ಮೌಲ್ಯದ ಕ್ರಮದಲ್ಲೇ ಜೋಡಿಸುವ ನಿಯಮದ) ಪಠ್ಯಕ್ಕಾಗಲಿ ಈ ತೊಂದರೆ ಇಲ್ಲ. ಉಳಿದ ಪಠ್ಯ ಇಂಡೆಕ್ಸ್‌ಗಳನ್ನು ‘ರೀಇಂಡೆಕ್ಸ್’ ಮಾಡಬೇಕು, ಆದರೆ ಅದಕ್ಕೆ ಮೊದಲು ಎರಡೆರಡಾಗಿ ಸೇರಿರುವ ಸಾಲುಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ವ್ಯವಹಾರ ಬಲ್ಲವರ ಜೊತೆ ಕೂತು ತೀರ್ಮಾನಿಸಬೇಕಾಗುತ್ತದೆ. ಇಂತಹ ನಕಲು ಸಾಲುಗಳು ಇರುವವರೆಗೆ ಯೂನಿಕ್ ಇಂಡೆಕ್ಸ್ ಕಟ್ಟಲು ಆಗುವುದಿಲ್ಲ. ಆ ನಕಲುಗಳನ್ನು ಹುಡುಕುವ ಕ್ವೆರಿಯೂ ಕೆಟ್ಟ ಇಂಡೆಕ್ಸನ್ನು ಬಳಸದಂತೆ, ಆ ಅವಧಿಯಲ್ಲಿ ಇಂಡೆಕ್ಸ್ ಸ್ಕ್ಯಾನ್‌ಗಳನ್ನು ನಿಲ್ಲಿಸಿಟ್ಟು ಹುಡುಕಿ.

15ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಪ್ರತಿ ಡೇಟಾಬೇಸಿನ ಕೊಲೇಷನ್ ಆವೃತ್ತಿಯನ್ನು ದಾಖಲಿಸಿಟ್ಟು, ಗ್ರಂಥಾಲಯದ ಆವೃತ್ತಿ ಅದಕ್ಕೆ ತಾಳೆಯಾಗದಿದ್ದರೆ ಸಂಪರ್ಕಿಸುವಾಗ ಎಚ್ಚರಿಸುತ್ತದೆ. ಆ ಎಚ್ಚರಿಕೆಯೊಂದಿಗೇ ‘ರಿಫ್ರೆಶ್ ಕೊಲೇಷನ್ ವರ್ಷನ್’ ಎಂಬ ಆದೇಶದ ಸೂಚನೆಯೂ ಬರುತ್ತದೆ. ಅದನ್ನು ಮೊದಲು ಓಡಿಸಿದರೆ ಎಚ್ಚರಿಕೆ ಅಡಗುತ್ತದೆ, ಇಂಡೆಕ್ಸ್ ಕೆಟ್ಟೇ ಇರುತ್ತದೆ. ರೀಇಂಡೆಕ್ಸ್ ಪೂರ್ತಿಯಾದ ಮೇಲೆಯೇ ಅದನ್ನು ಓಡಿಸಿ.