ತೇರಿನ ಚಿತ್ರದಲ್ಲಿ ಗುಳ್ಳೆ ಎದ್ದ ಕಾಗದ, ಹರಡಿದ ಸ್ಟೆನ್ಸಿಲ್, ಗಿಜಿಗಿಜಿ: ಅಕ್ಕನ ಪ್ರಶ್ನೆಗೆ ಉತ್ತರ

ಅಕ್ಕಾ, ನೀವು ಹಾಕಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಿಮ್ಮ ತೊಂದರೆ ಮೂರು: ಕ್ಯಾನ್ವಾಸ್ ಬೋರ್ಡ್ ಮೇಲೆ ಅಂಟಿಸಿದ ಪಂಚಾಂಗದ ಹಾಳೆ ಗುಳ್ಳೆ ಎದ್ದಿದೆ, ಸ್ಟೆನ್ಸಿಲ್ (ಆಕಾರ ಕತ್ತರಿಸಿ ತೆಗೆದ ಹಾಳೆ) ಇಟ್ಟು ಹಾಕಿದ ತೇರಿನ ಗಾಲಿಯ ಅಂಚು ಹರಡಿದೆ, ಎಲ್ಲ ಮುಗಿದ ಮೇಲೆ ಚಿತ್ರ ಗಿಜಿಗಿಜಿ ಅನ್ನಿಸುತ್ತಿದೆ. ಮೊದಲ ಎರಡಕ್ಕೂ ನೀರೇ ಕಾರಣ. ಮೂರನೆಯದು ಬೇರೆ ಜಾತಿಯದು, ಹೆಚ್ಚು ಯೋಚಿಸಬೇಕಾದದ್ದೂ ಅದನ್ನೇ. ಊರ ತೇರನ್ನು ಆರಿಸಿಕೊಂಡದ್ದು ತುಂಬ ಇಷ್ಟವಾಯಿತು. ಕೆಳಗೆ ಗಾಲಿ, ಮರದ ಕೆತ್ತನೆ, ಅದರ ಮೇಲೆ ಬಣ್ಣಬಣ್ಣದ ಬಟ್ಟೆ, ಬಾವುಟ, ತುದಿಯಲ್ಲಿ ಕಳಸ. ತೇರು ಕಟ್ಟುವುದೇ ಪದರ ಪದರವಾಗಿ. ಬೋರ್ಡನ್ನು ಎಸೆಯಬೇಡಿ, ಉಳಿಸಬಹುದು.

ಮೊದಲು ಗುಳ್ಳೆ. ಕಾಗದ ಒದ್ದೆಯಾದರೆ ಹಿಗ್ಗುತ್ತದೆ. ಅದರಲ್ಲೂ ನಾರು ಓಡಿದ ದಿಕ್ಕಿಗಿಂತ ಅಡ್ಡ ದಿಕ್ಕಿನಲ್ಲಿ ಹೆಚ್ಚು ಹಿಗ್ಗುತ್ತದೆ. ಬೋರ್ಡ್ ಅಷ್ಟು ಹಿಗ್ಗುವುದಿಲ್ಲ. ಒಣ ಹಾಳೆಯನ್ನು ಒದ್ದೆ ಅಂಟಿನ ಮೇಲೆ ನೇರವಾಗಿ ಇಟ್ಟರೆ ಅದು ಅಂಟಿಕೊಂಡ ಮೇಲೆ ಹಿಗ್ಗಲು ಶುರುಮಾಡುತ್ತದೆ, ಹೋಗಲು ಜಾಗವಿಲ್ಲದೆ ಮೇಲಕ್ಕೇಳುತ್ತದೆ. ಹಾಗಾಗಿ ಹಾಳೆಯ ಹಿಂಬದಿಗೆ ಮೊದಲೇ ಅಂಟು ಸವರಿ ಸ್ವಲ್ಪ ಹೊತ್ತು ಬಿಡಿ. ಅದು ಸುರುಳಿಯಾಗಿ, ಮತ್ತೆ ಮೆತ್ತಗಾಗಿ ನೆಟ್ಟಗಾಗುತ್ತದೆ. ಆಗ ಬೋರ್ಡಿಗೂ ಒಂದು ತೆಳು ಕೈ ಅಂಟು ಬಳಿದು ಹಾಳೆ ಇಡಿ. ಮೇಲೆ ಬಟರ್ ಪೇಪರ್ ಹಾಸಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಬನ್ನಿ. ಇಡೀ ಹಾಳೆಗಿಂತ ಅಂಗೈ ಅಗಲದ ತುಂಡುಗಳು ಸುಲಭವಾಗಿ ಕೂರುತ್ತವೆ. ಕತ್ತರಿ ಬಿಟ್ಟು ಕೈಯಲ್ಲೇ ಹರಿದರೆ ಅಂಚು ತೆಳುವಾಗಿ ಹಿನ್ನೆಲೆಯಲ್ಲಿ ಬೆರೆಯುತ್ತದೆ, ಮೇಲೆ ಬಣ್ಣ ಬಂದಾಗ ಗೆರೆಯಾಗಿ ಎದ್ದು ಕಾಣುವುದಿಲ್ಲ.

ಈಗ ಎದ್ದಿರುವ ಗುಳ್ಳೆಗಳನ್ನು ಬ್ಲೇಡಿನ ತುದಿಯಿಂದ ಸಣ್ಣಗೆ ಸೀಳಿ, ಸಿರಿಂಜಿನಲ್ಲಿ ಅಥವಾ ತೆಳು ಬ್ರಷ್ಷಿನ ತುದಿಯಲ್ಲಿ ಒಳಗೆ ಅಂಟು ಬಿಟ್ಟು ಒತ್ತಿ. ಬಟರ್ ಪೇಪರ್ ಹಾಕಿ, ಭಾರದ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಡಿ.

ಯಾವ ಅಂಟು ಅನ್ನುವುದು ಮುಖ್ಯ. ನಿಮ್ಮ ಪ್ರಶ್ನೆಗೆ ನನಗಿಂತ ಮೊದಲು ಉತ್ತರಿಸಿದ ಒಬ್ಬರು ಫೆವಿಕಾಲಿಗೆ ಅರ್ಧ ನೀರು ಬೆರೆಸಿ ಅಂದಿದ್ದಾರೆ. ಒಂದೇ ಪದರದ ಕೊಲಾಜಿಗೆ (ಕಾಗದ ಅಂಟಿಸಿ ಮಾಡುವ ಚಿತ್ರಕ್ಕೆ) ಅದು ಸಾಕು. ಆದರೆ ನೀವು ಅದರ ಮೇಲೆ ಮತ್ತೆ ಮತ್ತೆ ಒದ್ದೆ ಬಣ್ಣ ಹಾಕುತ್ತೀರಿ. ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ನೀರು ತಾಕಿದರೆ ಮೆತ್ತಗಾಗುತ್ತದೆ, ಚೆನ್ನಾಗಿ ಕೂತಿದ್ದ ಹಾಳೆ ಮತ್ತೆ ಏಳುತ್ತದೆ. ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಅಂಟಾಗಿಯೂ ಬಳಸುವ, ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ) ಒಮ್ಮೆ ಪೂರ್ತಿ ಒಣಗಿದರೆ ನೀರಿಗೆ ಕರಗುವುದಿಲ್ಲ. ಬೆಲೆ ಹೆಚ್ಚು, ನಿಜ. ಆದರೆ ಪದರಗಳ ಕೆಲಸದಲ್ಲಿ ದುಡ್ಡು ಹಾಕಬೇಕಾದ ಒಂದು ವಸ್ತು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ಬ್ರಷ್, ಸ್ಟೆನ್ಸಿಲ್, ಸ್ಪಾಂಜ್ ಎಲ್ಲ ಮನೆಯಲ್ಲಿರುವುದರಲ್ಲೇ ಆಗುತ್ತದೆ. ಅಂಟಿಸಿದ ಕಾಗದ ಒಣಗಿದ ಮೇಲೆ ಮೇಲ್ಗಡೆಗೂ ಒಂದು ಕೈ ಮೀಡಿಯಂ ಬಳಿದುಬಿಡಿ. ಆಮೇಲೆ ಬರುವ ಬಣ್ಣವನ್ನು ಕಾಗದ ಹೀರುವುದಿಲ್ಲ, ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿಯೂ ಬಿಡಬಹುದು.

ಪಂಚಾಂಗದ ಮೂಲ ಹಾಳೆಯನ್ನೇ ಅಂಟಿಸಬೇಡಿ ಅನ್ನುವುದು ನನ್ನ ಕೋರಿಕೆ. ನಿಮ್ಮ ಅಜ್ಜನ ಕೈಬರಹ ಇರುವ ಪುಟ ಅಂತ ಬರೆದಿದ್ದೀರಿ, ಅದು ಹಾಗೇ ಇರಲಿ. ಅಗ್ಗದ ಅಚ್ಚಿನ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ, ಬೆಳಕು ಗಾಳಿ ತಾಕಿ ಅದು ಹಳದಿಯಾಗಿ ಕಂದಾಗುತ್ತದೆ. 1912ರಲ್ಲಿ ಚಿತ್ರಕಾರರಾದ ಬ್ರಾಕ್ ಮತ್ತು ಪಿಕಾಸೊ ಚಿತ್ರಕ್ಕೆ ಕಾಗದ ಅಂಟಿಸಲು ಶುರುಮಾಡಿದ ಕಾಲದಲ್ಲಿ ಬಳಸಿದ ಪತ್ರಿಕೆಯ ತುಣುಕುಗಳು ಇವತ್ತು ಕಂದು ಬಣ್ಣಕ್ಕೆ ತಿರುಗಿವೆ. ಒಳ್ಳೆಯ ಬಿಳಿ ಹಾಳೆಯ ಮೇಲೆ ಜೆರಾಕ್ಸ್ ಮಾಡಿಸಿ. ಜೆರಾಕ್ಸ್, ಲೇಸರ್ ಪ್ರಿಂಟಿನ ಕಪ್ಪು ನೀರಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟ್ ಸಾಮಾನ್ಯವಾಗಿ ಹರಡುತ್ತದೆ, ಮೂಲೆಗೆ ಒದ್ದೆ ಬೆರಳು ಒತ್ತಿ ನೋಡಿದರೆ ಗೊತ್ತಾಗುತ್ತದೆ. ಕೈಬರಹವನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಪರ್ಮನೆಂಟ್ ಪೆನ್ನಿನಲ್ಲಿ ತಿದ್ದಿಕೊಂಡು ಅಂಟಿಸಿದರೆ ಇನ್ನೂ ಚೆಂದ. ಮೀಡಿಯಂ ಕುಡಿದ ಟಿಶ್ಯೂ ಹೆಚ್ಚುಕಡಿಮೆ ಮಾಯವಾಗುತ್ತದೆ, ಅಕ್ಷರ ಮಾತ್ರ ಬಣ್ಣದ ಮೇಲೆ ನಿಲ್ಲುತ್ತದೆ. ಲಗ್ನಪತ್ರಿಕೆಗಳನ್ನು ಬಳಸುವುದಾದರೆ ಮಿರುಗುವ ಪ್ಲಾಸ್ಟಿಕ್ ಲೇಪ ಇರುವವು ಬೇಡ, ಅದರ ಮೇಲೆ ಬಣ್ಣ ಹಿಡಿಯದೆ ಸಿಪ್ಪೆ ಏಳುತ್ತದೆ.

ಇನ್ನು ಸ್ಟೆನ್ಸಿಲ್. ಬಣ್ಣ ಅಂಚಿನ ಕೆಳಗೆ ನುಗ್ಗುವುದು ಅದು ತೆಳುವಾಗಿದ್ದಾಗ ಅಥವಾ ಹೆಚ್ಚಾಗಿದ್ದಾಗ. ಅಕ್ರಿಲಿಕ್ಕಿಗೆ ಒಂದು ಹನಿ ನೀರೂ ಬೇಡ. ಸ್ಪಾಂಜನ್ನು ಬಣ್ಣಕ್ಕೆ ಮುಟ್ಟಿಸಿ, ರಟ್ಟಿನ ಮೇಲೆ ಬಡಿದು ಬಡಿದು ಬಹುಪಾಲು ಬಣ್ಣ ಕಳೆಯಿರಿ. ಇನ್ನು ಬಣ್ಣವೇ ಇಲ್ಲವೇನೋ ಅನ್ನಿಸುವ ಹೊತ್ತಿಗೆ ಅದು ಸ್ಟೆನ್ಸಿಲಿಗೆ ಸರಿ. ನೇರ ಮೇಲಿನಿಂದ ಒತ್ತಬೇಕು, ಉಜ್ಜಬಾರದು. ಒಂದೇ ಸಲಕ್ಕೆ ಗಾಢ ಬರಲಿಲ್ಲ ಅಂತ ಆತುರ ಬೇಡ, ಒಣಗಿಸಿ ಇನ್ನೊಂದು ಕೈ ಹಾಕಿ. ಕಾಗದದ ಮಡಿಕೆ, ಉಬ್ಬುತಗ್ಗು ಇರುವ ಕಡೆ ಸ್ಟೆನ್ಸಿಲ್ ಪೂರ್ತಿ ಕೂರುವುದಿಲ್ಲ. ಅಲ್ಲಿ ಮೊದಲು ಬಣ್ಣವಿಲ್ಲದ ಮ್ಯಾಟ್ ಮೀಡಿಯಂ ಅನ್ನೇ ಸ್ಟೆನ್ಸಿಲ್ ಮೂಲಕ ಒತ್ತಿ. ಸೋರುವುದಿದ್ದರೆ ಅದೇ ಸೋರಿ, ಸಂದು ಮುಚ್ಚುತ್ತದೆ. ಸ್ಟೆನ್ಸಿಲ್ ಅಲುಗಿಸದೆ ಅದನ್ನು ಒಣಗಿಸಿ ಬಣ್ಣ ಒತ್ತಿದರೆ ಅಂಚು ಚೊಕ್ಕವಾಗಿ ಬರುತ್ತದೆ.

ನೀವು ಅಂಗಡಿಯ ಸ್ಟೆನ್ಸಿಲ್ ಬಳಸಿದ್ದೀರಿ, ಅದರ ಗಾಲಿ ಯಾವುದೋ ಗಾಡಿಯ ಗಾಲಿಯ ಹಾಗಿದೆ. ತೇರಿನ ಗಾಲಿಗೆ ಇರುವ ತೂಕ ಅದಕ್ಕಿಲ್ಲ. ನಿಮ್ಮ ಊರ ತೇರಿನ ಫೋಟೊ ನೋಡಿಕೊಂಡು ನೀವೇ ಕತ್ತರಿಸಿ. ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅಥವಾ ಹಳೇ ಎಕ್ಸ್‌ರೇ ಫಿಲ್ಮ್, ಒಂದು ಹೊಸ ಕಟರ್ ಬ್ಲೇಡ್, ಕೆಳಗೆ ದಪ್ಪ ರಟ್ಟು ಇದ್ದರೆ ಆಯಿತು. ತಿರುವುಗಳಲ್ಲಿ ಬ್ಲೇಡ್ ತಿರುಗಿಸುವ ಬದಲು ಹಾಳೆಯನ್ನು ತಿರುಗಿಸಿ. ಒಳಗೆ ಉಳಿಯಬೇಕಾದ ಭಾಗ ಕಳಚಿ ಬೀಳದ ಹಾಗೆ ಸಣ್ಣ ಪಟ್ಟಿಗಳನ್ನು ಬಿಡಬೇಕು. ಕನ್ನಡ ಅಕ್ಷರ ಕತ್ತರಿಸುವವರಿಗೆ ಇದು ಇನ್ನೂ ಮುಖ್ಯ. ರ, ಠ, ಸೊನ್ನೆ ಇವುಗಳ ಹೊಟ್ಟೆಯೊಳಗಿನ ತುಂಡು ಪಟ್ಟಿ ಇಲ್ಲದಿದ್ದರೆ ಕೈಗೇ ಬಂದುಬಿಡುತ್ತದೆ.

ತೇರಿನ ವಿನ್ಯಾಸಕ್ಕೆ ಕಸೂತಿಯನ್ನು ನೋಡಿ ಅಕ್ಕಾ. ಧಾರವಾಡದ ಕಡೆಯ ಕಸೂತಿಯಲ್ಲಿ ತೇರು, ಗೋಪುರ, ಪಲ್ಲಕ್ಕಿ, ಆನೆ ಎಲ್ಲ ಇವೆ. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಎಲ್ಲವೂ ನೇರ ಗೆರೆ, ಮೆಟ್ಟಿಲು ಗೆರೆಗಳಲ್ಲೇ ಇರುತ್ತವೆ. ಗ್ರಾಫ್ ಹಾಳೆಗೆ ಇಳಿಸಿಕೊಂಡು ಚೌಕಗಳನ್ನು ಕತ್ತರಿಸಿದರೆ ತೇರಿನ ಸ್ಟೆನ್ಸಿಲ್ ಸಿದ್ಧ. ಹಬ್ಬದ ಸಂತೆಯಲ್ಲಿ ಸಿಗುವ ರಂಗೋಲಿಯ ತೂತಿನ ತಟ್ಟೆಗಳನ್ನೂ ಬಿಡಬೇಡಿ. ಪುಡಿ ಉದುರಲೆಂದು ಮಾಡಿದ ಆ ಚುಕ್ಕಿಗಳ ಮೂಲಕ ಒಣ ಸ್ಪಾಂಜ್ ಒತ್ತಿದರೆ ಹಿನ್ನೆಲೆಗೆ ಸೊಗಸಾದ ಚುಕ್ಕಿಜಾಲ ಬರುತ್ತದೆ.

ಕತ್ತರಿಸಿ ತೆಗೆದ ಗಾಲಿಯ ತುಂಡನ್ನೂ ಇಟ್ಟುಕೊಳ್ಳಿ. ಅದನ್ನು ಬೋರ್ಡಿನ ಮೇಲಿಟ್ಟು ಸುತ್ತಲೂ ಬಣ್ಣ ಒತ್ತಿದರೆ ಗಾಲಿಯ ಜಾಗದಲ್ಲಿ ಕೆಳಗಿನ ಪಂಚಾಂಗದ ಅಕ್ಷರಗಳು ಹಾಗೇ ಉಳಿಯುತ್ತವೆ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರು.

ಗಿಜಿಗಿಜಿ ಆಗಿರುವುದು ವಸ್ತುಗಳು ಹೆಚ್ಚಾದದ್ದರಿಂದ ಅಲ್ಲ. ಪ್ರತಿ ಪದರವನ್ನೂ ನೀವು ಇಡೀ ಬೋರ್ಡಿಗೆ ಹಾಕಿದ್ದೀರಿ. ಕಾಗದ ಅಂಚಿನಿಂದ ಅಂಚಿಗೆ, ಅದರ ಮೇಲೆ ಚುಕ್ಕಿ ಅಂಚಿನಿಂದ ಅಂಚಿಗೆ, ಅದರ ಮೇಲೆ ಬಾವುಟಗಳೂ ಹಾಗೇ. ಎಲ್ಲವೂ ಒಂದೇ ಗಾತ್ರ, ಒಂದೇ ಗಾಢ. ಕಣ್ಣಿಗೆ ಕೂರಲು ಜಾಗ ಬೇಕು. ಹೊಸ ಪದರ ಹಾಕುವ ಮೊದಲು ಕೆಳಗಿನದರಲ್ಲಿ ಯಾವ ಭಾಗ ಕೊನೆಯವರೆಗೂ ಕಾಣಬೇಕು ಅಂತ ತೀರ್ಮಾನಿಸಿ, ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಥವಾ ಕತ್ತರಿಸಿದ ತುಂಡು ಇಟ್ಟುಬಿಡಿ. ನಿಮ್ಮ ಚಿತ್ರದಲ್ಲಿ ನಾನಾದರೆ ಉಳಿಸುವುದು ಎರಡೇ: ಗಾಲಿಯೊಳಗೆ ಅಜ್ಜನ ಕೈಬರಹ, ಕಳಸದ ಸುತ್ತ ಖಾಲಿ ಆಕಾಶ.

ಈಗಿರುವ ಬೋರ್ಡಿನಲ್ಲೇ ಹೀಗೆ ಮಾಡಬಹುದು. ಬಿಳಿ ಗೆಸ್ಸೊಗೆ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಸ್ವಲ್ಪ ಮೀಡಿಯಂ ಸೇರಿಸಿ ತೆಳುವಾಗಿ, ಮೇಲಿನ ಅರ್ಧಕ್ಕೆ ಬಳಿದು ತಕ್ಷಣ ಬಟ್ಟೆಯಲ್ಲಿ ಅಲ್ಲಲ್ಲಿ ಒರೆಸಿ. ಕಾಗದ, ಚುಕ್ಕಿ ಎಲ್ಲ ಮಂಜಿನೊಳಗೆ ಹೋದ ಹಾಗೆ ಹಿಂದಕ್ಕೆ ಸರಿಯುತ್ತವೆ. ಅದು ಒಣಗಿದ ಮೇಲೆ ತೇರಿನ ಆಕಾರವೊಂದನ್ನು ಮಾತ್ರ ಗಾಢವಾಗಿ ತನ್ನಿ. ದೊಡ್ಡದು ತೇರು, ನಡುವಿನ ಗಾತ್ರಕ್ಕೆ ಬಾವುಟ, ಸಣ್ಣದಕ್ಕೆ ಚುಕ್ಕಿ. ಬಾವುಟದ ಕೆಂಪನ್ನು ಗಾಲಿಯ ಹತ್ತಿರ ಒಂದು ಕಡೆ, ಕೆಳಗಿನ ಜನಸಂದಣಿಯಲ್ಲಿ ಒಂದು ಕಡೆ ಮತ್ತೆ ತಂದರೆ ಕಣ್ಣು ಸುತ್ತಾಡುತ್ತದೆ. ಜನಸಂದಣಿಗೆ ಮುಖ ಬರೆಯುವುದೇ ಬೇಡ, ಪತ್ರಿಕೆಯ ದಪ್ಪ ಶೀರ್ಷಿಕೆಗಳ ಜೆರಾಕ್ಸ್ ಹರಿದು ಒತ್ತೊತ್ತಾಗಿ ಅಂಟಿಸಿದರೆ ಅದೇ ಜನವಾಗುತ್ತದೆ. ತೇರಿಗೆ ಎಸೆಯುವ ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿರುವುದನ್ನು ಕೊನೆಗೆ ಸ್ಪಾಂಜಿನ ಮೂಲೆಯಿಂದ ಕೆಲವೇ ಕಡೆ ಒತ್ತಿ.

ಉಬ್ಬು ಬೇಕೆಂದರೆ ಗಾಲಿಯ ಅರಗಳಿಗೆ ಸ್ಟೆನ್ಸಿಲ್ ಮೂಲಕ ಮಾಡೆಲಿಂಗ್ ಪೇಸ್ಟ್ (ಉಬ್ಬು ಮೂಡಿಸುವ ಗಟ್ಟಿ ಲೇಪ) ಎಳೆದು, ಸ್ಟೆನ್ಸಿಲನ್ನು ನೇರ ಮೇಲಕ್ಕೆತ್ತಿ ಕೂಡಲೇ ತೊಳೆಯಿರಿ. ದಪ್ಪಗೆ ಬೇಡ. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕಿನ ಕೆಳಗಿನ ಗೆಸ್ಸೊ ಉಬ್ಬು ತಂಜಾವೂರಿನದಕ್ಕಿಂತ ಎಷ್ಟು ತೆಳು ನೋಡಿ, ಅಷ್ಟರಲ್ಲೇ ಬೆಳಕು ಹಿಡಿಯುತ್ತದೆ. ದಪ್ಪ ಪೇಸ್ಟ್ ಒಣಗುವಾಗ ಬಿರುಕು ಬಿಡುವ ಭಯವೂ ಇದೆ.

ಆಯಿಲ್ ಪೇಸ್ಟಲ್, ಮೇಣದ ಕ್ರೇಯಾನ್ ಬಳಸುವ ಆಸೆ ಇದ್ದರೆ ಅವು ಕೊನೆಯ ಪದರಕ್ಕೇ ಇರಲಿ. ಎಣ್ಣೆ, ಮೇಣದ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ.

ಈಗ ಮಳೆಗಾಲ, ನೀವು ಇರುವುದು ಮಲೆನಾಡಿನಲ್ಲಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮುಂಗೈ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಹೇರ್ ಡ್ರೈಯರ್ ಹಿಡಿದರೆ ದೂರದಿಂದ, ಕಡಿಮೆ ಬಿಸಿಯಲ್ಲಿ. ಎಲ್ಲ ಪೂರ್ತಿ ಒಣಗುವವರೆಗೆ ವಾರ್ನಿಷ್ ಮುಟ್ಟಬೇಡಿ, ಒಳಗಿನ ತೇವ ಸಿಕ್ಕಿಬಿದ್ದು ಬೆಳ್ಳಗೆ ಮಬ್ಬಾಗುತ್ತದೆ. ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಾಕುವುದಾದರೆ ಕಳಸದ ಚಿನ್ನದ ಬಣ್ಣ ಅದರ ಕೆಳಗೆ ಮಂಕಾಗುತ್ತದೆ, ಆ ಜಾಗಕ್ಕೆ ಮಾತ್ರ ಹೊಳಪಿನ (ಗ್ಲಾಸಿ) ವಾರ್ನಿಷ್ ಇರಲಿ. ಬೋರ್ಡುಗಳನ್ನು ಮುಖಕ್ಕೆ ಮುಖ ತಾಗಿಸಿ ಜೋಡಿಸಿಡಬೇಡಿ, ಒಣಗಿದ ಅಕ್ರಿಲಿಕ್ ಕೂಡ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ, ನಡುವೆ ಬಟರ್ ಪೇಪರ್ ಹಾಕಿ. ಗಾಲಿಯ ಸ್ಟೆನ್ಸಿಲ್ ಕತ್ತರಿಸಿದ ಮೇಲೆ ಬಣ್ಣ ಹಾಕುವ ಮೊದಲೇ ಒಂದು ಫೋಟೊ ಇಲ್ಲಿ ಹಾಕಿ, ಪಟ್ಟಿಗಳು ಸರಿಯಾದ ಕಡೆ ಉಳಿದಿವೆಯಾ ನೋಡಿ ಹೇಳುತ್ತೇನೆ.