ವಾಣಿಜ್ಯ ಆಸ್ತಿಯ ಖರೀದಿ ಕರಾರಿಗೆ ಸಹಿ ಹಾಕುವ ಮುನ್ನ ಯಾವ ಅಂಶಗಳನ್ನು ಗಮನಿಸಬೇಕು?

ಖರೀದಿ ಕರಾರು ಸಾಮಾನ್ಯವಾಗಿ ಮಾಲೀಕತ್ವವನ್ನೇ ವರ್ಗಾಯಿಸುವ ಪತ್ರವಲ್ಲ. ಯಾವ ಷರತ್ತುಗಳು ಈಡೇರಿದರೆ, ಯಾವ ದಿನಾಂಕದೊಳಗೆ, ಎಷ್ಟು ಹಣಕ್ಕೆ ಆಸ್ತಿ ಕೈಬದಲಾಗಬೇಕು ಎಂಬುದನ್ನು ಎರಡೂ ಕಡೆಯವರು ಒಪ್ಪಿಕೊಂಡ ದಾಖಲೆ. ಬೆಲೆ, ಮುಂಗಡ ಮತ್ತು ಆಸ್ತಿಯ ವಿವರಗಳನ್ನು ಎಲ್ಲರೂ ಓದಿಯೇ ಓದುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಪರಿಶೀಲನಾ ಅವಧಿಯ ಷರತ್ತಿನಲ್ಲಿ. ಹಕ್ಕುಪತ್ರ, ಅಡಮಾನ, ಉದ್ದೇಶಿತ ವ್ಯಾಪಾರಕ್ಕೆ ಆ ಜಾಗವನ್ನು ಬಳಸಲು ಇರುವ ಅನುಮತಿ, ಕಟ್ಟಡದ ಸ್ಥಿತಿ, ಮಣ್ಣಿನ ಮಾಲಿನ್ಯ ಇವನ್ನೆಲ್ಲ ತಪಾಸಣೆ ಮಾಡಿಸಿ, ತೃಪ್ತಿಯಾಗದಿದ್ದರೆ ಮುಂಗಡವನ್ನು ಪೂರ್ತಿ ವಾಪಸು ಪಡೆದು ಹಿಂದೆ ಸರಿಯುವ ಹಕ್ಕು ಕೊಳ್ಳುವವರಿಗೆ ಇದೆಯೆಂದು ಅಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಅವಧಿ ಮುಗಿದಾಗ ನೀವು ಸುಮ್ಮನಿದ್ದರೆ ಅದು ಒಪ್ಪಿಗೆಯೋ ನಿರಾಕರಣೆಯೋ ಎಂಬ ಒಂದು ಸಾಲನ್ನೂ ಹುಡುಕಿ ನೋಡಿ. ಮುಂಗಡದ ಗತಿ ಹಲವೊಮ್ಮೆ ಅದರ ಮೇಲೆಯೇ ನಿಂತಿರುತ್ತದೆ.

ಕಟ್ಟಡದಲ್ಲಿ ಬಾಡಿಗೆದಾರರಿದ್ದರೆ ಮಾರುವವರು ಕೊಡುವ ಬಾಡಿಗೆ ಪಟ್ಟಿಯೊಂದೇ ಸಾಲದು. ಬಾಡಿಗೆ ಎಷ್ಟು, ಠೇವಣಿ ಎಷ್ಟು, ಬಾಕಿ ಇದೆಯೇ, ಅವಧಿ ಯಾವಾಗ ಮುಗಿಯುತ್ತದೆ ಎಂದು ಪ್ರತಿಯೊಬ್ಬ ಬಾಡಿಗೆದಾರರಿಂದಲೂ ಲಿಖಿತ ದೃಢೀಕರಣ ತಂದುಕೊಡುವುದನ್ನು ಷರತ್ತಾಗಿ ಸೇರಿಸಿ. ಹಳೆಯ ಮಾಲೀಕರು ಬಾಯಿಮಾತಿನಲ್ಲಿ 6 ತಿಂಗಳ ಬಾಡಿಗೆ ಮನ್ನಾ ಮಾಡಿದ್ದರೆ ಅದು ಹೊರಬೀಳುವುದು ಇಲ್ಲಿಯೇ. ಠೇವಣಿಗಳು ನಿಮಗೆ ವರ್ಗಾವಣೆಯಾಗಬೇಕು. ತಿಂಗಳ ನಡುವೆ ಸ್ವಾಧೀನ ಸಿಕ್ಕರೆ ಆ ತಿಂಗಳ ಬಾಡಿಗೆ ಮತ್ತು ತೆರಿಗೆಯನ್ನು ದಿನಗಳ ಲೆಕ್ಕದಲ್ಲಿ ಹಂಚಿಕೊಳ್ಳುವ ಕ್ರಮವೂ ಕರಾರಿನಲ್ಲಿರಲಿ.

ಸಾಲ ಪಡೆದು ಕೊಳ್ಳುವುದಾದರೆ, ಸಾಲ ಮಂಜೂರಾಗದಿದ್ದಾಗ ಕರಾರು ರದ್ದಾಗುವ ಷರತ್ತಿಲ್ಲದೆ ಸಹಿ ಹಾಕಬೇಡಿ.